ಉಸಿರನ್ನು ಎಣಿಸುವ ವಿದ್ಯೆ

ವೈದ್ಯನ ಹಿರಿಮೆಯೆಲ್ಲ ಅವನ ಔಷಧದಲ್ಲಿದೆಯೆಂದು ಲೋಕ ನಂಬುವುದುಂಟು. ಔಷಧಕ್ಕೂ ಮೊದಲು ನೋಟವೊಂದುಂಟು, ನೋಟ ತಪ್ಪಿದರೆ ಔಷಧವೂ ತಪ್ಪುವುದು ಎಂಬುದನ್ನು ಕೊರೊನಾ ಬೇನೆ ನಮಗೆ ಕಲಿಸಿತು. ಭಾರತದಲ್ಲಿ ಆ ಬೇನೆಗೆ ಮೊದಲು ಬಲಿಯಾದವರು, 2020ರ ಮಾರ್ಚಿಯಲ್ಲಿ, ನಮ್ಮ ಕಲಬುರ್ಗಿಯ ವೃದ್ಧರೊಬ್ಬರು. ಅಂದು ವೈದ್ಯರ ಕೈಯಲ್ಲಿ ನಿಶ್ಚಿತವಾದ ಮದ್ದು ಒಂದೂ ಇರಲಿಲ್ಲ.

ಬೇನೆ ಹಿಡಿದವರಲ್ಲಿ ಬಹುಮಂದಿ ಜ್ವರ ಕೆಮ್ಮುಗಳನ್ನು ಅನುಭವಿಸಿ ತಾವಾಗಿಯೇ ಗುಣ ಹೊಂದಿದರು. ಕೆಲವರಿಗೆ ಮಾತ್ರ ಒಂದು ವಾರ ಕಳೆಯುವ ಹೊತ್ತಿಗೆ ಶ್ವಾಸಕೋಶ ಉರಿಯೂತಕ್ಕೆ ಒಳಗಾಗಿ, ರಕ್ತಕ್ಕೆ ಆಮ್ಲಜನಕ ಸಾಲದಾಯಿತು. ವಿಚಿತ್ರವೆಂದರೆ, ಅವರಲ್ಲೂ ಕೆಲವರು ಏದುಸಿರಿಲ್ಲದೆ ಸಹಜವಾಗಿ ಮಾತನಾಡುತ್ತಲೇ ಇದ್ದರು. ಆದುದರಿಂದ ರೋಗಿಯ ಮಾತಿನ ಜೊತೆಗೆ ಎರಡು ಲೆಕ್ಕಗಳು ಬೇಕಾದುವು. ನಿಮಿಷಕ್ಕೆ ಉಸಿರು 30 ದಾಟಿದರೆ, ಇಲ್ಲವೆ ರಕ್ತದ ಆಮ್ಲಜನಕ ನೂರಕ್ಕೆ 90ಕ್ಕಿಂತ ಕೆಳಗಿಳಿದರೆ, ಬೇನೆ ತೀವ್ರವೆಂದು ನಮ್ಮ ದೇಶದ ಮಾರ್ಗಸೂಚಿ ಗೊತ್ತುಮಾಡಿತು. ಎರಡನೆಯ ಲೆಕ್ಕವನ್ನು ಹೇಳುವುದು ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ. ಅದರ ತತ್ತ್ವವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ತಾಕುವೊ ಅಯೋಯಾಗಿ. ಆದರೆ ಕಪ್ಪು ಮೈಬಣ್ಣದವರಲ್ಲಿ ಆ ಯಂತ್ರ ಕೆಲವೊಮ್ಮೆ ಇದ್ದುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ನಮ್ಮ ಸೀಮೆಯವರು ಇದನ್ನು ಮರೆಯಲಾಗದು.

ಚಿಕಿತ್ಸೆಯಲ್ಲಿಯೂ ಇದೇ ವಿವೇಕ ಮುಖ್ಯವಾಯಿತು. ರೋಗಿಯನ್ನು ಬೋರಲಾಗಿ ಮಲಗಿಸಿದರೆ ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಂಡು ಆಮ್ಲಜನಕ ಹೆಚ್ಚು ದೊರೆಯುವುದು. 2020ರ ಜೂನಿನಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗದಿಂದ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಮದ್ದಿನ ಬೆಲೆ ತಿಳಿಯಿತು. ದಿನಕ್ಕೆ 6 ಮಿಲಿಗ್ರಾಮಿನಂತೆ ಕೊಟ್ಟಾಗ, ಉಸಿರಾಟದ ಯಂತ್ರಕ್ಕೆ ಒಳಪಟ್ಟವರಲ್ಲಿ ಸಾವು ಮೂರರಲ್ಲೊಂದು ಪಾಲೂ, ಆಮ್ಲಜನಕವನ್ನಷ್ಟೆ ಪಡೆಯುತ್ತಿದ್ದವರಲ್ಲಿ ಐದರಲ್ಲೊಂದು ಪಾಲೂ ತಗ್ಗಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಹೀಗಿದ್ದೂ 2021ರಲ್ಲಿ ಅನೇಕರು ಅದನ್ನು ಮನೆಯಲ್ಲೇ, ಜ್ವರ ಬಂದೊಡನೆಯೇ ನುಂಗಿದರು. ಇಂಥ ಮದ್ದಿನ ಅತಿಬಳಕೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇವೆರಡೂ ಕೂಡಿ ಕಪ್ಪು ಶಿಲೀಂಧ್ರದ ಬೇನೆಗೆ ದಾರಿಮಾಡಿದುವು. ಮದ್ದು ಒಂದೇ, ಹೊತ್ತು ಬೇರೆ, ಫಲ ಬೇರೆ!

ನೋಟ, ಮದ್ದು ಎರಡೂ ಸರಿಯಿದ್ದು ಆಮ್ಲಜನಕವೇ ಇಲ್ಲದಿದ್ದರೆ ಗತಿಯೇನು? 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 24 ಮಂದಿ ತೀರಿಕೊಂಡರು. ಅದೇ ದಿನಗಳಲ್ಲಿ ಬಳ್ಳಾರಿ ಸೀಮೆಯ ತೋರಣಗಲ್ಲಿನಿಂದ, ಉಕ್ಕು ಕಾಯಿಸುವುದಕ್ಕೆಂದು ತಯಾರಾಗುತ್ತಿದ್ದ ಆಮ್ಲಜನಕ ಆಸ್ಪತ್ರೆಗಳ ಕಡೆಗೆ ಹರಿಯಿತು.

ಈ ಪಾಠ ಅಳವಂಡಿಯಂಥ ಊರುಗಳಿಗೂ ಸೇರಿದ್ದು. ಕೊಪ್ಪಳದಲ್ಲಿ ಇಂದು ವೈದ್ಯಕೀಯ ಕಾಲೇಜುಂಟು. ಆದರೆ ರೋಗಿ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಸೇರಬೇಕಾದರೆ, ಮಲಗಿದವನ ಎದೆಯ ಏರಿಳಿತವನ್ನು ಒಂದು ನಿಮಿಷ ತಾಳ್ಮೆಯಿಂದ ಎಣಿಸಬಲ್ಲವರೊಬ್ಬರು ಊರಿನಲ್ಲಿಯೇ ಇರಬೇಕು. ಇದಕ್ಕೆ ಬೇಕಾದುದು ಒಂದು ಗಡಿಯಾರ, ಎರಡು ಕಣ್ಣು. ಶಾಲೆಯಲ್ಲಿ ಮಕ್ಕಳಿಗೂ ಕಲಿಸಬಹುದಾದ ವಿದ್ಯೆಯಿದು.