ಮೂರೋ ಎಂಟೋ? ಒಂದು ಸಮಾಧಿಕಲ್ಲು ಮತ್ತು ಇಂಗ್ಲೆಂಡಿನ ಹಳ್ಳಿಯೊಂದರ ಕಡತಗಳು

ಎರಡು ವರ್ಷದ ಹಿಂದೆ ಬೆಂಗಳೂರು ದಂಡಿನ ಹಳೆಯ ಸ್ಮಶಾನವೊಂದರ ಸಮಾಧಿಕಲ್ಲಿನ ಪಾಠವನ್ನು ಇಲ್ಲಿ ಹಾಕಿದ್ದೆ. ಇಂಗ್ಲಿಷ್ ಸೈನಿಕ, ವಿಲ್ಟ್‌ಶೈರ್ ಕೌಂಟಿಯ ಒಂದು ಹಳ್ಳಿಯವನು, ಸತ್ತದ್ದು 1845ರ ಜುಲೈನಲ್ಲಿ, ವಯಸ್ಸು 23. ಆ ಪಾಠದಲ್ಲಿ ಒಂದು ತಪ್ಪಿತ್ತು. ತಪ್ಪು ನನ್ನದೇ. ಅದು ಎಲ್ಲಿಯವರೆಗೆ ಹೋಯಿತು, ಹೇಗೆ ಸಿಕ್ಕಿಬಿತ್ತು ಅನ್ನುವುದನ್ನು ಹೇಳಬೇಕು. ಕುಟುಂಬದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಆ ಪಾಠ ನೋಡಿ ಇಂಗ್ಲೆಂಡಿನಿಂದ ಒಬ್ಬ ಹಿರಿಯ ಮಹಿಳೆ ಪತ್ರ ಬರೆದರು. ಅದೇ ಹಳ್ಳಿ, ಅದೇ ಹೆಸರು. ತಮ್ಮ ಮುತ್ತಜ್ಜನ ಅಣ್ಣ ಎಲ್ಲಿ ಹೋದ ಅಂತ ಅವರು ಬಹಳ ಕಾಲದಿಂದ ಹುಡುಕುತ್ತಿದ್ದರಂತೆ. ಹಳ್ಳಿಯ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ 1822ರ ಫೆಬ್ರವರಿಯಲ್ಲಿ ಅವನ ಹೆಸರಿದೆ. 1845ಕ್ಕೆ 23 ವರ್ಷ ಸರಿಯಾಗಿ ಕೂಡುತ್ತದೆ. ಸಿಕ್ಕಿದನಲ್ಲ ಅಂತ ನಾವಿಬ್ಬರೂ ಸಂತೋಷಪಟ್ಟೆವು. ಅವರು ವಂಶವೃಕ್ಷದಲ್ಲಿ ಬರೆದುಕೊಂಡರು, ಅಂತರ್ಜಾಲಕ್ಕೂ ಹಾಕಿದರು.

ಇಂಗ್ಲೆಂಡಿನಲ್ಲಿ ಸಾಮಾನ್ಯ ಕೂಲಿಯವನ ವಂಶವನ್ನೂ ಇಷ್ಟು ಹಿಂದಕ್ಕೆ ಹುಡುಕಬಹುದು ಅನ್ನುವುದೇ ನಮಗೆ ಆಶ್ಚರ್ಯ. ನಮ್ಮ ಶಾಸನಗಳಲ್ಲಿ ಹೆಸರು ಉಳಿಯಬೇಕಾದರೆ ದಾನ ಕೊಟ್ಟಿರಬೇಕು, ಇಲ್ಲವೇ ತುರು ಕಾಯುತ್ತಾ ಸತ್ತಿರಬೇಕು. ಅಲ್ಲಿ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಹೂಳಿಕೆಗಳನ್ನು ಬರೆದಿಡಬೇಕು ಅಂತ ಆಜ್ಞೆ ಮಾಡಿದ. 1813ರಿಂದ ಅಚ್ಚಾದ ನಮೂನೆ ಬಂತು. ದೀಕ್ಷಾಸ್ನಾನದ ಪುಸ್ತಕದಲ್ಲಿ ತಂದೆಯ ಕಸುಬು, ವಾಸದ ಸ್ಥಳಗಳಿಗೂ ಅಂಕಣ ಸಿಕ್ಕಿತು. ಇನ್ನೂ ಹಿಂದಕ್ಕೆ ಹೋಗುವವರು ಒಂದು ವಿಷಯ ನೆನಪಿಡಿ: 1752ಕ್ಕೆ ಮೊದಲು ಅಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1720ರ ಫೆಬ್ರವರಿ ಅಂತಿದ್ದರೆ ಅದು ನಮ್ಮ ಲೆಕ್ಕದ 1721. ಗತಶಕ, ವರ್ತಮಾನಶಕದ ಗೊಂದಲದಲ್ಲಿ ಬೆಳೆದ ನಮಗೆ ಇದೇನೂ ಹೊಸದಲ್ಲ ಬಿಡಿ.

ವಿಷಯಕ್ಕೆ ಬರೋಣ. ಎಂಟು ತಿಂಗಳಾದ ಮೇಲೆ ಅವರದೇ ಇನ್ನೊಂದು ಪತ್ರ. ಮದರಾಸು ಪ್ರೆಸಿಡೆನ್ಸಿಯ ಚರ್ಚುಗಳು ತಮ್ಮ ನೋಂದಣಿಗಳ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದವು, ಬೆಂಗಳೂರು ದಂಡಿನದೂ ಅದರಲ್ಲಿ ಸೇರಿದೆ. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆ ನಕಲಿನಲ್ಲಿ ವಯಸ್ಸು 28 ಅಂತಿದೆ, ನಿಮ್ಮ ಕಲ್ಲಿನಲ್ಲಿ 23 ಹೇಗೆ? ಇದು ಅವರ ಪ್ರಶ್ನೆ.

ನಾನು ಆ ಚಿತ್ರ ತೆಗೆದದ್ದು ನಡುಮಧ್ಯಾಹ್ನ. ಹೊಸಬರಿಗೆ ಮಾಡಬೇಡಿ ಅಂತ ಹೇಳುವ ಕೆಲಸವನ್ನೇ ನಾನು ಮಾಡಿದ್ದೆ. ಮತ್ತೆ ಹೋಗಿ, ಸಂಜೆಯ ಓರೆ ಬಿಸಿಲಿಗೆ ಕನ್ನಡಿ ಹಿಡಿದು ನೋಡಿದೆ. ಎಡಭಾಗ ಸವೆದ ಎಂಟು ಅದು. ಒಳಗೆರೆಯ ತಳ ಇನ್ನೂ ಬೆರಳಿಗೆ ತಾಗುತ್ತದೆ.

ಐದು ವರ್ಷ ವ್ಯತ್ಯಾಸವಾದರೆ ಮನುಷ್ಯನೇ ಬೇರೆಯಾಗುತ್ತಾನೆ. ಅವರು ಅದೇ ಪುಸ್ತಕವನ್ನು ಮತ್ತೆ ತಿರುವಿದಾಗ 1817ರ ಮಾರ್ಚಿನಲ್ಲಿ ಅದೇ ಹೆಸರಿನ ಇನ್ನೊಂದು ಮಗು ಸಿಕ್ಕಿತು. ತಂದೆ ಬೇರೆ, ಕಸುಬು ಇಬ್ಬರದೂ ಕೂಲಿ. ಹಾಗಾದರೆ 1822ರವನು ಏನಾದ? 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾಯಿತು. ಮದುವೆಯ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಬರೆಯುತ್ತಿದ್ದರು. 1848ರಲ್ಲಿ, ಅಂದರೆ ನಾವು ಅವನನ್ನು ಬೆಂಗಳೂರಿನಲ್ಲಿ ಹೂತ ಮೂರು ವರ್ಷಕ್ಕೆ, ಆ ಮಹಾಶಯ ಊರ ಚರ್ಚಿನಲ್ಲೇ ಮದುವೆಯಾಗಿದ್ದಾನೆ. ತಂದೆಯ ಹೆಸರು ಸರಿಹೋಗುತ್ತದೆ. 1851ರ ಜನಗಣತಿಯಲ್ಲಿ ವಯಸ್ಸು 29, ಹೊಲದ ಕೂಲಿ, ಹೆಂಡತಿ, ಇಬ್ಬರು ಮಕ್ಕಳು. ಈ ಗಣತಿ ಹುಟ್ಟಿದ ಊರನ್ನೂ ಹೇಳುತ್ತದೆ. ಅದಕ್ಕೆ ಹಿಂದಿನ 1841ರ ಗಣತಿಯನ್ನು ಮಾತ್ರ ಸುಮ್ಮನೆ ನಂಬಬಾರದು: 15 ದಾಟಿದವರ ವಯಸ್ಸನ್ನು ಐದರ ಮಡಿಕೆಗೆ ಇಳಿಸಿ ಬರೆಯಿರಿ ಅಂತಲೇ ಗಣತಿದಾರರಿಗೆ ಸೂಚನೆಯಿತ್ತು. 24ರವನು ಅಲ್ಲಿ 20ರವನಾಗುತ್ತಾನೆ.

ಇಷ್ಟಾದರೂ ಎರಡು ಮನೆಗಳೂ ಒಂದೇ ಬಳಗವಿರಬಹುದೇ ಅನ್ನುವ ಆಸೆ ಅವರಿಗಿತ್ತು. ಇಲ್ಲಿ ಕೆಲಸಕ್ಕೆ ಬಂದದ್ದು ನಕ್ಷೆ. ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು 1836ರ ಕಾಯ್ದೆ ಹಣದ ಕಂದಾಯಕ್ಕೆ ಬದಲಿಸಿತು. ಅದಕ್ಕಾಗಿ ಇಂಗ್ಲೆಂಡ್, ವೇಲ್ಸ್‌ಗಳ ಸುಮಾರು ಮುಕ್ಕಾಲು ಭಾಗವನ್ನು ಅಳೆದರು. ಇದೇ ಟೈದ್ ನಕ್ಷೆ. ಪ್ರತಿ ಹೊಲಕ್ಕೂ, ಹಿತ್ತಿಲಿಗೂ ಒಂದು ಸಂಖ್ಯೆ. ಜೊತೆಗಿನ ಪಟ್ಟಿಯಲ್ಲಿ ಒಡೆಯ ಯಾರು, ಅನುಭವದಲ್ಲಿರುವವನು ಯಾರು, ಹೊಲದ ಹೆಸರೇನು, ಉಳುಮೆಯೋ ಹುಲ್ಲೋ, ವಿಸ್ತೀರ್ಣ ಎಷ್ಟು. ಮತ್ತರು, ಕಮ್ಮ ಎಣಿಸಿ ಅಭ್ಯಾಸವಾದ ಕಣ್ಣಿಗೆ ಇದು ಹಬ್ಬ. ಬಡವರ ಮನೆಗಳನ್ನು ಎಷ್ಟೋ ಕಡೆ ಒಬ್ಬನ ಹೆಸರಿನ ಮುಂದೆ ‘ಮತ್ತು ಇತರರು’ ಅಂತ ತೇಲಿಸಿಬಿಟ್ಟಿರುತ್ತಾರೆ. ಇವರ ಅದೃಷ್ಟ, ಈ ಊರಿನ ಪಟ್ಟಿಯಲ್ಲಿ ಇಬ್ಬರು ತಂದೆಯರ ಹೆಸರೂ ಇತ್ತು. ಒಬ್ಬನದು ಚರ್ಚಿನ ಪಕ್ಕದ ಬೀದಿ. ಸೈನಿಕನ ತಂದೆಯದು ಊರ ಗಡಿಯಲ್ಲಿ, ಗೋಮಾಳದ ಅಂಚಿಗೆ ಒಂದು ಮನೆ ಮತ್ತು ಹಿತ್ತಿಲು, 20 ಪರ್ಚ್. ಎಕರೆಗೆ 160 ಪರ್ಚ್, ನಮ್ಮ ಲೆಕ್ಕದಲ್ಲಿ 5 ಗುಂಟೆ. ಜಾಗ ಬೇರೆ ಅಂದಮಾತ್ರಕ್ಕೆ ಬಳಗ ಬೇರೆ ಅನ್ನಲಾಗದು, ನಿಜ. ಆದರೆ ಆ ಗಡಿಮನೆಯ ಜಾಡು ಹಿಡಿದು ಹೋದಾಗ ಅಜ್ಜ ಪಕ್ಕದ ಊರಿನಿಂದ ಬಂದವನು ಅಂತ ಗೊತ್ತಾಯಿತು. ಹೆಸರು ಒಂದೇ, ಎರಡೂ ಸಂಸಾರಗಳಿಗೆ ಸಂಬಂಧ ಕಾಣಲಿಲ್ಲ.

ಶಾಸನದ ಪ್ರಶಸ್ತಿ ಭಾಗವನ್ನು ಬಾಯಿಪಾಠ ಮಾಡಿ, ಮೂಡಲು ಕೆರೆ ತೆಂಕಲು ಹುಣಿಸೆಮರ ಅನ್ನುವ ಎಲ್ಲೆಯ ಸಾಲುಗಳನ್ನು ಹಾರಿಸುವವರಿಗೆ ನಾನು ಬೈಯುತ್ತಿದ್ದೆ. ಈ ಸಲ ಹೆಸರಿಗೇ ಮರುಳಾದವನು ನಾನು.

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳೂ ಉಚಿತವಾಗಿ ಸಿಗುತ್ತವೆ, ಮೈಲಿಗೆ 6 ಇಂಚಿನ ಅಳತೆಯಲ್ಲಿ. ಅವರು ಅದನ್ನೇ ಹಿಡಿದು ಆ ಗಡಿಮನೆಯ ಜಾಗಕ್ಕೆ ಹೋಗಿಬಂದರು. ಮನೆಯಿಲ್ಲ, ಬೇಲಿಯ ತಿರುವು ಮಾತ್ರ ನಕ್ಷೆಯಲ್ಲಿದ್ದ ಹಾಗೇ ಇದೆಯಂತೆ. ತಮ್ಮವನಲ್ಲದ ಸೈನಿಕನಿಗಾಗಿ ಯಾಕೆ ಹೋದಿರಿ ಅಂತ ನಾನು ಕೇಳಲಿಲ್ಲ.

ಅವರ ವಂಶವೃಕ್ಷವನ್ನು ಅಷ್ಟರಲ್ಲಿ ಒಂಬತ್ತು ಜನ ನಕಲು ಮಾಡಿಕೊಂಡಿದ್ದರು. ಎಲ್ಲರಿಗೂ ಬರೆದರು, ನಾಲ್ವರು ತಿದ್ದಿದ್ದಾರೆ. ನನ್ನ ಹಳೆಯ ಪಾಠವನ್ನು ನಾನು ಅಳಿಸಿಲ್ಲ, ಮೇಲೆ ತಿದ್ದುಪಡಿ ಸೇರಿಸಿದ್ದೇನೆ. ಸಂಜೆ ತೆಗೆದ ಹೊಸ ಚಿತ್ರವೂ ಅಲ್ಲಿದೆ. ಮೂರೋ ಎಂಟೋ, ನೀವೇ ಒಮ್ಮೆ ನೋಡಿ.