ಹೆರಿಗೆಯ ನಂತರ ಆಸಕ್ತಿ ಕುಗ್ಗಿದರೆ

ನಿಫಾಸ್ ಮುಗಿದು ಗುಸ್ಲ್ ಮಾಡಿದ ಬಳಿಕ ದಾಂಪತ್ಯ ಸಂಬಂಧಕ್ಕೆ ಧಾರ್ಮಿಕ ಅಡ್ಡಿಯಿಲ್ಲ. ಆದರೆ ಅದೇ ದಿನ ಪತ್ನಿಯ ದೇಹವೂ ಸಿದ್ಧವಾಗಿರುತ್ತದೆಂದು ತಿಳಿಯಬೇಡಿ. ಎದೆಹಾಲುಣಿಸುವ ತಾಯಿಯಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿ, ಈಸ್ಟ್ರೋಜೆನ್ ತಗ್ಗುತ್ತದೆ. ಇದರಿಂದ ಆಸಕ್ತಿ ಕುಗ್ಗಬಹುದು. ಯೋನಿ ಒಣಗಿ ಮಿಲನ ನೋವು ತರಬಹುದು. ಹೊಲಿಗೆಯ ನೋವು, ರಕ್ತಹೀನತೆ, ನಿದ್ದೆಗೇಡು ಬೇರೆ. ಪತಿ ಇದನ್ನು ತಿರಸ್ಕಾರವೆಂದುಕೊಂಡು ಮುನಿಸಿಕೊಳ್ಳುತ್ತಾನೆ. ಅವಳೋ ಹೇಳಲಾರದೆ ಸಹಿಸುತ್ತಾಳೆ. ಸಹಿಸಿದಷ್ಟೂ ಭಯ ಬೆಳೆದು ಆಸಕ್ತಿ ಇನ್ನೂ ಕುಗ್ಗುತ್ತದೆ. ಸಹೋದರಿಯರೇ, ನೋವಿದ್ದರೆ ಬಾಯಿಬಿಟ್ಟು ಹೇಳಿ. ಸಹೋದರರೇ, ರಾತ್ರಿ ಸ್ವಲ್ಪ ಹೊತ್ತು ಮಗುವನ್ನು ನೀವು ಎತ್ತಿಕೊಳ್ಳಿ, ಅವಳು ಮಲಗಲಿ. ಒಣಗುವಿಕೆಗೆ ಔಷಧಿ ಅಂಗಡಿಯಲ್ಲಿ ಜೆಲ್ ಸಿಗುತ್ತದೆ. ನೋವು ನಿಲ್ಲದಿದ್ದರೆ, ಅಥವಾ ತಾಯಿ ಸದಾ ಮಂಕಾಗಿ ಅಳುತ್ತಿದ್ದರೆ ವೈದ್ಯೆಯನ್ನು ಕಾಣಿ. ಹಾಲುಣಿಸುವುದು ಕಡಿಮೆಯಾದಂತೆ ಹೆಚ್ಚಿನವರಲ್ಲಿ ಆಸಕ್ತಿ ಮರಳುತ್ತದೆ.