ಸದ್ದು ಯಾವುದರ ಬೆನ್ನು ಹತ್ತಿದೆ?

ಕಾರಿನಲ್ಲಿ ತಿರುಗುವ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಹಳೆಯ ಗಾಡಿಯಲ್ಲಿ ಹೊಸದಾಗಿ ಹುಟ್ಟಿದ ಸದ್ದಿನ ಮೂಲ ಹುಡುಕಲು ಇದಕ್ಕಿಂತ ದೊಡ್ಡ ಸುಳಿವಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯನ್ನು ನಂಬಿ ಹೊರಟರೆ ಹಾದಿ ತಪ್ಪುವುದೇ ಹೆಚ್ಚು. ಕಾರಿನ ಮೈಯೆಲ್ಲ ತಗಡು. ಬಲಗಡೆ ಹುಟ್ಟಿದ ಸದ್ದು ಅದರೊಳಗೆ ಹರಿದು ಎಡಗಡೆ ಕೇಳಿಸಬಹುದು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಸದ್ದು ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ? ಎಂಜಿನ್ನಿನ ಜೊತೆಗೋ, ಚಕ್ರದ ಜೊತೆಗೋ, ಸ್ಟೀರಿಂಗ್ ತಿರುವಿನ ಜೊತೆಗೋ, ರಸ್ತೆಯ ಗುಂಡಿಯ ಜೊತೆಗೋ?

ಉದಾಹರಣೆಗೆ ಮಾರುತಿ 800 ತೆಗೆದುಕೊಳ್ಳೋಣ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಹಾಗಾಗಿ ಇಂದು ಓಡುತ್ತಿರುವ ಪ್ರತಿಯೊಂದು 800 ಕೂಡ ವಯಸ್ಸಾದದ್ದೇ. ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಮುಂದಿನ ಚಕ್ರಗಳಿಗೇ ಶಕ್ತಿ, ಪವರ್ ಸ್ಟೀರಿಂಗ್ ಇಲ್ಲ. ಚಕ್ರಕ್ಕೆ ಆದದ್ದೆಲ್ಲ ನೇರವಾಗಿ ಅಂಗೈಗೆ ಬಂದು ಮುಟ್ಟುತ್ತದೆ. ಕಾರಿನ ಕಾಯಿಲೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ.

ನಿಂತಲ್ಲೇ ಎಂಜಿನ್ ನಿಮಿಷಕ್ಕೆ 840 ಸುತ್ತು ಹಾಕುತ್ತಿದೆ ಎನ್ನಿ, ಅಂದರೆ ಸೆಕೆಂಡಿಗೆ 14. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅದರ ಅರ್ಧ ವೇಗದಲ್ಲಿ, ಸೆಕೆಂಡಿಗೆ 7 ಸಲ ತಿರುಗುತ್ತದೆ. ವಾಲ್ವನ್ನು ಒತ್ತುವ, ಸಡಿಲಾದ ಟ್ಯಾಪೆಟ್ ಒಂದರ 'ಟಿಕ್ ಟಿಕ್' ಈ ನಿಧಾನದ ಲಯದ್ದು. ಇನ್ನು 60 ಕಿಲೋಮೀಟರ್ ವೇಗದಲ್ಲಿ 12 ಇಂಚಿನ ರಿಮ್ಮಿನ ಚಕ್ರ ಸೆಕೆಂಡಿಗೆ ಸುಮಾರು ಹತ್ತು ಸುತ್ತು ಹಾಕುತ್ತದೆ. ಗೇರ್ ಯಾವುದೇ ಇರಲಿ, ಆ ಲೆಕ್ಕ ಬದಲಾಗದು. ಎಂಜಿನ್ನಿನ ಸದ್ದನ್ನೂ ಚಕ್ರದ ಸದ್ದನ್ನೂ ಬೇರ್ಪಡಿಸುವುದು ಸುಲಭ. ಖಾಲಿಯಿರುವ ನೇರ ರಸ್ತೆಯಲ್ಲಿ 50ರ ವೇಗದಲ್ಲಿ ಕ್ಲಚ್ ಒತ್ತಿ, ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ, ಕೆಲವೇ ಕ್ಷಣ. ಎಂಜಿನ್ ಇಳಿದಂತೆ ಸದ್ದೂ ಇಳಿದರೆ ಅದು ಎಂಜಿನ್, ಬೆಲ್ಟ್ ಅಥವಾ ಸೈಲೆನ್ಸರ್ ಕಡೆಯದು. ಸದ್ದು ಹಾಗೇ ಉಳಿದರೆ ಚಕ್ರ, ಬೇರಿಂಗ್, ಟೈರುಗಳ ಕಡೆಯದು. ಯಾವ ಕಾರಣಕ್ಕೂ ಕೀ ಆಫ್ ಮಾಡಬಾರದು. ಸ್ಟೀರಿಂಗ್ ಲಾಕ್ ಆಗುವ ಅಪಾಯವಿದೆ. ಬ್ರೇಕ್ ಬೂಸ್ಟರಿಗೆ ಎಂಜಿನ್ನಿನಿಂದ ಸಿಗುವ ನೆರವೂ ಬೇಗನೆ ಮುಗಿದುಹೋಗುತ್ತದೆ.

ಮುಂದಿನ ಸುಳಿವು ತಿರುವಿನಲ್ಲಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟಾಗ 'ಕಟ ಕಟ ಕಟ' ಎಂದರೆ ಮೆಕ್ಯಾನಿಕ್ ನೋಡುವ ಮೊದಲೇ 'ಆಕ್ಸಲ್ ಹೋಗಿದೆ' ಎನ್ನುತ್ತಾನೆ. ಬಹುತೇಕ ಸಲ ಹೋಗಿರುವುದು ಆಕ್ಸಲ್ಲಲ್ಲ, ಅದರ ಹೊರ ತುದಿಯ ಕೀಲು. ಮುಂದಿನ ಚಕ್ರ ಒಂದೇ ಸಮನೆ ತಿರುಗಬೇಕು, ಜೊತೆಗೆ ಎಡಕ್ಕೂ ಬಲಕ್ಕೂ ಹೊರಳಬೇಕು. ಹಳೆಯ ಬಗೆಯ ಶಿಲುಬೆಯಾಕಾರದ ಕೀಲು ಹಾಕಿದರೆ, 35 ಡಿಗ್ರಿ ಬಾಗಿದಾಗ ಚಕ್ರದ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ ನೂರಕ್ಕೆ ಹದಿನೆಂಟರಷ್ಟು ಇಳಿದು ಇಪ್ಪತ್ತೆರಡರಷ್ಟು ಏರುತ್ತದೆ. ಸ್ಟೀರಿಂಗ್ ಹಿಡಿಯಲಾಗದಷ್ಟು ಅದುರುತ್ತದೆ. ಇದಕ್ಕೆ ಪರಿಹಾರವಾಗಿ 1920ರ ದಶಕದಲ್ಲಿ ಆಲ್ಫ್ರೆಡ್ ರ್ಝೆಪ್ಪಾ ಎಂಬ ಎಂಜಿನಿಯರ್ ಆರು ಉಕ್ಕಿನ ಗುಂಡುಗಳು ಬಾಗಿದ ತೋಡುಗಳಲ್ಲಿ ಜಾರುವಂಥ ಕೀಲು ರೂಪಿಸಿದರು. ಎಷ್ಟೇ ಬಾಗಿದರೂ ವೇಗ ಬದಲಾಗದ ಆ ಕೀಲಿನ ಸಂತತಿಯೇ ಇಂದಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿದೆ. ನನ್ನ ಪ್ರಕಾರ ಇಡೀ ಕಾರಿನಲ್ಲಿ ಅತ್ಯಂತ ಸೊಗಸಾದ ಭಾಗ ಇದು. ಅದರ ಆಯುಷ್ಯ ಮಾತ್ರ ಅದನ್ನು ಹೊರಗಿನಿಂದ ಮುಚ್ಚುವ ರಬ್ಬರ್ ಬೂಟಿನ ಕೈಯಲ್ಲಿದೆ.

ರಬ್ಬರಿಗೆ ವಯಸ್ಸಾಗುತ್ತದೆ, ಕಾರು ಶೆಡ್ಡಿನಲ್ಲಿ ನಿಂತೇ ಇದ್ದರೂ. ಗಾಳಿಯಲ್ಲಿರುವ ಅಲ್ಪ ಪ್ರಮಾಣದ ಓಝೋನ್, ಹಿಗ್ಗಿ ನಿಂತ ರಬ್ಬರಿನ ಅಣುಸರಪಳಿಗಳನ್ನು ತುಂಡರಿಸುತ್ತದೆ. ಬೂಟಿನ ಮಡಿಕೆಗಳಲ್ಲಿ ಸಣ್ಣ ಬಿರುಕು ಮೂಡಿ ಒಂದು ದಿನ ಅದು ಬಾಯಿ ಬಿಡುತ್ತದೆ. ತಿರುಗುವ ರಭಸಕ್ಕೆ ಒಳಗಿನ ಕಪ್ಪು ಗ್ರೀಸ್ ಹೊರಕ್ಕೆ ಚಿಮ್ಮುತ್ತದೆ, ಮಳೆಗಾಲದ ಕೆಸರು ಒಳಕ್ಕೆ ಹೋಗುತ್ತದೆ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿಟ್ಟು, ಕಾರು ನಿಲ್ಲಿಸಿ ಚಕ್ರದ ಹಿಂದೆ ಟಾರ್ಚ್ ಹಾಕಿ. ರಿಮ್ಮಿನ ಒಳಮೈಯಲ್ಲಿ, ಅಕ್ಕಪಕ್ಕದ ಲೋಹದ ಮೇಲೆ ಗ್ರೀಸು ಬಳೆಯಾಕಾರದಲ್ಲಿ ಸಿಡಿದು ಅದಕ್ಕೆ ಧೂಳು ಮೆತ್ತಿದ್ದರೆ ಬೂಟು ಹರಿದಿದೆ ಎಂದೇ ಅರ್ಥ. ಕಟಕಟ ಶುರುವಾಗುವ ಮೊದಲೇ ಕಂಡರೆ ಬೂಟು, ಗ್ರೀಸಿನಲ್ಲೇ ಕೆಲಸ ಮುಗಿಯುತ್ತದೆ.

ವೇಗದ ಜೊತೆ ಏರುವ 'ಗುಂಯ್' ಎಂಬ ಸದ್ದು ಬೇರೆ ಜಾತಿಯದು. ವೀಲ್ ಬೇರಿಂಗಿನ ಗುಂಡುಗಳು ಓಡುವ ಹಾದಿಯಲ್ಲಿ ಲೋಹ ದಣಿದು ಚಕ್ಕೆ ಎದ್ದಾಗ, ಪ್ರತಿ ಗುಂಡೂ ಆ ಕುಳಿಯನ್ನು ದಾಟುವಾಗ ಬಡಿತವಾಗುತ್ತದೆ. ಕಾರು ಬಲಕ್ಕೆ ಹೊರಳಿದರೆ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾಗಿ, ಎಡಕ್ಕೆ ಹೊರಳಿದಾಗ ಇಳಿದರೆ, ಅನುಮಾನ ಎಡಗಡೆಯ ಬೇರಿಂಗಿನ ಮೇಲೆ. ಖಚಿತಪಡಿಸಿಕೊಳ್ಳಲು ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯ ಬೆರಳ ತುದಿಗಳನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಡಿ. ಕಿವಿಗೆ ಏನೂ ಕೇಳದಿದ್ದರೂ ಕೆಟ್ಟ ಬೇರಿಂಗಿನ ತರಿತರಿ ಬೆರಳಿಗೆ ಸಿಗುತ್ತದೆ.

ಚಕ್ರ ಎತ್ತಿರುವಾಗಲೇ ಇನ್ನೊಂದು ಪರೀಕ್ಷೆಯನ್ನೂ ಮುಗಿಸಬಹುದು. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಚಕ್ರ ಆಡಿದರೆ ಬೇರಿಂಗಿನಲ್ಲಿ ಅಥವಾ ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟಿನಲ್ಲಿ ಪ್ಲೇ, ಅಂದರೆ ಸಡಿಲ, ಇದೆ. 9 ಮತ್ತು 3ರಲ್ಲಿ ಮಾತ್ರ ಆಡಿದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ್‍ಯಾಕ್ ಸವೆದಿದೆ. ಹಂಪ್ ಇಳಿಯುವಾಗ 'ಲಟಕ್' ಎನ್ನುವ, ಸ್ಟೀರಿಂಗ್ ಒಂದಿಷ್ಟು ಖಾಲಿ ತಿರುಗುವ ಕಾರಿನಲ್ಲಿ ಇವೆರಡನ್ನೂ ನೋಡದೆ ಏನನ್ನೂ ಬದಲಿಸಬಾರದು. ಬಾಲ್ ಜಾಯಿಂಟಿನಲ್ಲಿ ಪ್ಲೇ ಕಂಡರೆ ಆ ಕಾರನ್ನು ಓಡಿಸಲೇಬಾರದು; ಅದು ಕಳಚಿದರೆ ಚಕ್ರ ಹೊರಕ್ಕೆ ಮಲಗಿಬಿಡುತ್ತದೆ.

ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ ಎಂಬುದು ಎಲ್ಲ ಕಡೆ ಕೇಳುವ ದೂರು. ಇದರಲ್ಲಿ ಒಂದು ಪಾಲು ರಸ್ತೆಯದೇ. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯನ್ನು ನಡುವಿನಿಂದ ಅಂಚಿಗೆ ನೂರಕ್ಕೆ ಎರಡು, ಎರಡೂವರೆಯಷ್ಟು ಇಳಿಜಾರಾಗಿ ಹಾಸಿರುತ್ತಾರೆ. 650 ಕಿಲೋ ತೂಕದ ಕಾರನ್ನು ಆ ಇಳಿಜಾರು ಸುಮಾರು 13ರಿಂದ 16 ಕಿಲೋ ಭಾರದಷ್ಟು ಬಲದಿಂದ ಎಡ ಅಂಚಿನತ್ತ ಜಗ್ಗುತ್ತದೆ. ಸಮತಟ್ಟಾದ ಮೈದಾನದಲ್ಲೂ ಎಳೆದರೆ ಮೊದಲು ಗಾಳಿ ನೋಡಿ, ಆಮೇಲೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿ. ಎಳೆತವೂ ಬದಿ ಬದಲಿಸಿದರೆ ದೋಷ ಟೈರಿನದು. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದಿಂದ ಮಾತ್ರ ಹೆಚ್ಚು ಶಾಖ ಬರುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

80ರ ಹತ್ತಿರ ಶುರುವಾಗಿ 100 ದಾಟಿದರೆ ಕಡಿಮೆಯಾಗುವ ನಡುಕಕ್ಕೆ ಸಾಮಾನ್ಯ ಕಾರಣ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರುವುದು. ಬ್ಯಾಲೆನ್ಸಿಂಗಿಗೆಂದು ರಿಮ್ಮಿನ ಅಂಚಿನಲ್ಲಿ ಕೂರಿಸಿದ 20 ಗ್ರಾಂ ಸೀಸ ಉದುರಿದರೆ, 80ರ ವೇಗದಲ್ಲಿ ಅದರಿಂದಾಗುವ ಎಳೆತ ಎರಡು ಕಿಲೋ ಭಾರವನ್ನು ಮೀರುತ್ತದೆ, ಅದೂ ಸೆಕೆಂಡಿಗೆ ಹದಿನಾಲ್ಕು ಸಲ ದಿಕ್ಕು ಬದಲಿಸುತ್ತ. ಸಸ್ಪೆನ್ಷನ್ನಿನ ಸಹಜ ಕಂಪನವೂ ಅದೇ ಆಸುಪಾಸಿನಲ್ಲಿದ್ದರೆ ನಡುಕ ಹಲವು ಪಟ್ಟಾಗುತ್ತದೆ. ವೇಗ ಏರಿ ಲಯ ತಪ್ಪಿದಾಗ ತಗ್ಗುತ್ತದೆ.

ಈ ತೊಂದರೆಗಳು ಒಂದರಿಂದೊಂದು ಹುಟ್ಟುತ್ತವೆ ಎಂಬುದನ್ನು ಗ್ಯಾರೇಜುಗಳು ಹೆಚ್ಚಾಗಿ ಗಮನಿಸುವುದಿಲ್ಲ. ಟೈ ರಾಡ್ ಎಂಡ್ ಸವೆದರೆ ಚಕ್ರ ತನ್ನ ನೇರದಿಂದ ಓರೆಯಾಗುತ್ತದೆ. ಅರ್ಧ ಡಿಗ್ರಿ ಓರೆ ಕಣ್ಣಿಗೆ ಕಾಣದು, ಆದರೆ ಪ್ರತಿ ಕಿಲೋಮೀಟರಿಗೂ ಆ ಟೈರು ಹತ್ತಿರ ಹತ್ತಿರ ಒಂಬತ್ತು ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಅದರ ಗುಬ್ಬಿಗಳ ಅಂಚು ಗರಗಸದಂತೆ ಸವೆಯುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಒರಟು. ಈ ಟೈರು ರಸ್ತೆಯಲ್ಲಿ ಹೊರಡಿಸುವ ಸದ್ದು ಕೆಟ್ಟ ಬೇರಿಂಗಿನ ಗುಂಯ್‌ನಂತೆಯೇ ಇರುತ್ತದೆ. ಬೇರಿಂಗ್ ಬದಲಿಸಿದ ಮೇಲೂ ಗುಂಯ್ ನಿಲ್ಲದ ಕಾರುಗಳಲ್ಲಿ ಕೈಯಾಡಿಸಬೇಕಾದ್ದು ಟೈರಿನ ಮೇಲೆ. ಅದು ಒರಟಾಗಿದ್ದರೆ ಮೊದಲು ಟೈ ರಾಡ್, ಆಮೇಲೆ ಅಲೈನ್‌ಮೆಂಟ್, ಟೈರು ಕೊನೆಗೆ. ಈ ಕ್ರಮ ತಪ್ಪಿಸಿ ಹಾಕಿದ ಹೊಸ ಟೈರೂ ಕೆಲವೇ ತಿಂಗಳಲ್ಲಿ ಅದೇ ಸದ್ದು ಮಾಡುತ್ತದೆ.